ಬಾಕಿ ಸುಂಕದ ನೋಟೀಸಿನ ಹಿಂಬದಿ

ದಿನಾಂಕ: ಫೆಬ್ರವರಿ ಮೂವತ್ತು, ೨೧೯೩
ಮೂಡಣ ಸಾಲು, ಹಳೇ ಟೋಲ್ ನಾಕಾ

ಶ್ರೀ ಗುಡ್ಡಪ್ಪ ಹಲಗೇರಿ ಅವರಿಗೆ, ನಿಮ್ಮ ಮಗಳು ಸಿಂಚನಾಳ ಮರಿಮೊಮ್ಮಗನ ಮೊಮ್ಮಗಳಾದ ಹೊನ್ನವ್ವ ಮಾಡುವ ಶಿರಸಾಷ್ಟಾಂಗ ನಮಸ್ಕಾರಗಳು.

ಫೆಬ್ರವರಿಗೆ ಮೂವತ್ತನೆಯ ದಿನ ಎಲ್ಲಿಂದ ಬಂತು, ಯಾರೋ ಹುಡುಗಾಟ ಮಾಡಿದ್ದಾರೆ ಎಂದುಕೊಂಡು ಕಾಗದ ಬಿಸಾಡಬೇಡಿ. ನಮ್ಮಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ. ದಂಡದ ಲೆಕ್ಕ ಸಲೀಸಾಗಲಿ ಎಂದು ದಾರಿ ಮಂಡಳಿಯವರು ಹೀಗೆ ಮಾಡಿದರು. ವರ್ಷದ ಕೊನೆಯಲ್ಲಿ ಉಳಿಯುವ ಚಿಲ್ಲರೆ ದಿನಗಳನ್ನು ಬಿಡುದಿನ ಎನ್ನುತ್ತೇವೆ. ಆ ದಿನಗಳಲ್ಲಿ ದಂಡ ಬೆಳೆಯುವುದಿಲ್ಲ. ಆದ್ದರಿಂದ ಯುಗಾದಿ, ಪಂಚಮಿ, ದೀಪಾವಳಿ, ಮದುವೆ, ಸೀಮಂತ ಎಲ್ಲವನ್ನೂ ಅವುಗಳಲ್ಲೇ ತುರುಕುತ್ತೇವೆ, ಹೋಳಿಗೆ ಬೇಯಿಸಿ ಬೇಯಿಸಿ ಹೆಂಗಸರ ಸೊಂಟ ಬಿದ್ದುಹೋಗುತ್ತದೆ. ನನ್ನ ಮಾತುಗಳಲ್ಲಿ ನಿಮಗೆ ತಿಳಿಯದ ಶಬ್ದಗಳು ಬಂದಾವು. ಕ್ಷಮಿಸಬೇಕು. ಬರೆಯುತ್ತಾ ಬರೆಯುತ್ತಾ ಬಿಡಿಸಿ ಹೇಳುತ್ತೇನೆ.

ಮೊದಲಿಗೆ, ಈ ಕಾಗದ ನಿಮ್ಮ ಕೈಗೆ ಹೇಗೆ ಬಂತು ಎಂಬುದನ್ನು ಹೇಳಬೇಕು. ಇದನ್ನು ತಿರುಗಿಸಿ ನೋಡಿದರೆ ಬಾಕಿ ಸುಂಕದ ನೋಟೀಸು ಕಾಣುತ್ತದೆ. ನಿಮ್ಮ ಟೆಂಪೋ ಟೋಲ್ ಕಟ್ಟದೆ ಹೋಗಿದೆ, ಇಷ್ಟು ದಿನದೊಳಗೆ ಕಟ್ಟಿ, ಇಲ್ಲದಿದ್ದರೆ ತಡಶುಲ್ಕ, ಅದರ ಮೇಲೆ ದಂಡ ಎಂದಿದೆ. ಈ ನೋಟೀಸು ನಿಮ್ಮ ಕಾಲದ ಕಚೇರಿಯಿಂದ ಹೊರಟದ್ದಲ್ಲ. ಮಾಲೀಕನಿಗೆ ನೋಟೀಸು ತಲುಪದೆ ದಂಡ ಹಾಕುವಂತಿಲ್ಲ ಎಂಬ ಒಂದು ಮಾತು ಕಾಯಿದೆಯಲ್ಲಿ ಮೊದಲಿನಿಂದಲೂ ಇದೆ. ನಮಗೆ ತಲುಪಿಲ್ಲ, ನಮ್ಮಜ್ಜನಿಗೆ ತಲುಪಿಲ್ಲ ಎಂದು ಜನ ತಲೆಮಾರುಗಟ್ಟಲೆ ಕೋರ್ಟು ಅಲೆದರು, ತಲುಪಿದ್ದಕ್ಕೆ ರುಜುವಾತು ಮಂಡಳಿಯ ಬಳಿ ಇರಲಿಲ್ಲ. ಕೊನೆಗೆ ಮಂಡಳಿಯವರು ತಲೆ ಓಡಿಸಿ, ಸುಂಕ ತಪ್ಪಿದ ದಿನಕ್ಕೇ ಹೋಗಿ ಬೀಳುವಂಥ ನೋಟೀಸು ಕಂಡುಹಿಡಿದರು. ಅದಕ್ಕೆ ಹಿನ್ನೋಟೀಸು ಎಂದು ಹೆಸರು. ಇಂಥ ವಿದ್ಯೆ ಕೈಗೆ ಬಂದರೆ ಮನುಷ್ಯ ಯಾವುದಾದರೂ ಹಳೆಯ ಸಾವನ್ನು ತಪ್ಪಿಸಿಯಾನು ಎಂದು ನೀವು ಅಂದುಕೊಳ್ಳಬಹುದು. ಇವರು ನೋಟೀಸು ಹಂಚುತ್ತಿದ್ದಾರೆ. ಕಳಿಸುವ ಮೊದಲು ವಾರಸುದಾರರ ಸಹಿ ಬೇಕು, ಅದಕ್ಕಾಗಿ ನಿಮ್ಮ ನೋಟೀಸು ಒಂದು ದಿನದ ಮಟ್ಟಿಗೆ ನನ್ನ ಕೈಯಲ್ಲಿದೆ. ಹಿಂಬದಿ ಖಾಲಿ ಇತ್ತು. ರೊಟ್ಟಿ ಬಡಿಯುವ ಮಣೆಯ ಮೇಲಿಟ್ಟುಕೊಂಡು ಬರೆಯುತ್ತಿದ್ದೇನೆ, ಅಲ್ಲಲ್ಲಿ ಜೋಳದ ಹಿಟ್ಟು ಹತ್ತಿದ್ದರೆ ಬೇಸರ ಮಾಡಿಕೊಳ್ಳಬೇಡಿ.

ನಿಮ್ಮ ಸ್ವಭಾವ ನನಗೆ ಗೊತ್ತು. ನೋಟೀಸು ಬಂದರೆ ಓದದೆ ಕ್ಯಾಲೆಂಡರಿನ ಹಿಂದೆ ಸಿಕ್ಕಿಸುವವರು ನೀವು. ಹೇಗೆ ಗೊತ್ತು ಎಂದರೆ, ನಮ್ಮ ಮನೆಯಲ್ಲಿ ಕೂಸಿಗೆ ಹಾಲು ಕುಡಿಸುವಾಗ ಹೇಳುವುದು ನಿಮ್ಮದೇ ಕಥೆ. ಬ್ಯಾಡಗಿ ಪೇಟೆಗೆ ಮೆಣಸಿನಕಾಯಿ ಚೀಲ ಹೇರುತ್ತಿದ್ದ ಟೆಂಪೋವನ್ನು ನೀವು ಗೆಳೆಯ ಶೇಖಪ್ಪನಿಗೆ ಕೊಟ್ಟಿರಿ. ಚಹಾದಂಗಡಿಯಲ್ಲಿ ಕುಳಿತು ಮಾತಾಯಿತು, ಕೀಲಿ ಕೈಯಿಂದ ಕೈಗೆ ಹೋಯಿತು, ಇಬ್ಬರೂ ಮಿರ್ಚಿ ತಿಂದು ಎದ್ದಿರಿ. ಆರ್‌ಟಿಓ ಕಚೇರಿಗೆ ಹೋಗಿ ಹೆಸರು ಬದಲಾಯಿಸೋಣ ಎಂದು ಶೇಖಪ್ಪನೇ ಕೇಳಿದನಂತೆ. ಅದಕ್ಕೆ ನೀವು, "ಏ, ನಿನ್ನ ಮ್ಯಾಲೆ ನಂಬಿಕಿ ಇಲ್ಲಂತ ಕಾಗದ ಮಾಡಿಸ್ಲೇನು? ಹೋಗೋ ಮಾರಾಯಾ, ಗಾಡಿ ನಿಂದು," ಎಂದಿರಂತೆ. ನಿಮ್ಮ ಕಡೆ ಎಲ್ಲರೂ ಹಾಗೇ ಗಾಡಿ ಮಾರುತ್ತಿದ್ದರಂತೆ. ಗೆಳೆಯನನ್ನು ಕಚೇರಿಗೆ ಕರೆದೊಯ್ಯುವುದೆಂದರೆ ಅವನ ಮುಖಕ್ಕೆ ಹೊಡೆದಂತೆ ಎಂದು ನೀವು ತಿಳಿದಿರಿ. ನಿಮ್ಮ ಖಾತೆಗೆ ಜೋಡಿಸಿದ್ದ ಟೋಲ್ ಟ್ಯಾಗನ್ನು ಮಾತ್ರ ಕಿತ್ತುಕೊಂಡಿರಿ. ಶೇಖಪ್ಪ ಹೊಸ ಟ್ಯಾಗು ತರುವುದನ್ನು ಮರೆತು ಹೆದ್ದಾರಿ ಹಿಡಿದ. ಅಲ್ಲಿ ಅಡ್ಡಗೋಲು ತೆಗೆದುಹಾಕಿ ಕ್ಯಾಮೆರಾ ಇಟ್ಟಿದ್ದರು, ತಡೆಯುವವರು ಯಾರೂ ಇರಲಿಲ್ಲ. ಕ್ಯಾಮೆರಾ ನಂಬರು ನೋಡಿತು, ನಂಬರಿನ ಮುಂದೆ ನಿಮ್ಮ ಹೆಸರಿತ್ತು. ನೋಟೀಸುಗಳು ನಿಮ್ಮ ಮನೆಗೆ ಬಂದವು. ಗಾಡಿ ನನ್ನದಲ್ಲ ಎಂದು ನೀವು ನಕ್ಕಿರಿ. ಶೇಖಪ್ಪನಿಗೆ ಒಂದೂ ಹೋಗಲಿಲ್ಲ, ಪಾಪ, ಅವನು ಯಾರ ಬಾಕಿಯೂ ಇಲ್ಲವೆಂದು ನಂಬಿಯೇ ಗಾಡಿ ಓಡಿಸಿದ.

ನಿಮ್ಮ ಮೇಲೆ ನನಗೆ ಸಿಟ್ಟಿದೆ. ಹಿರಿಯರಿಗೆ ಹೀಗೆ ಬರೆಯಬಾರದು, ಆದರೆ ಲೆಕ್ಕ ಹಾಕಿದರೆ ನಿಮಗೀಗ ನನ್ನ ತಮ್ಮನ ವಯಸ್ಸು, ಅದಕ್ಕೇ ಧೈರ್ಯ ಮಾಡುತ್ತಿದ್ದೇನೆ. ನಿಮ್ಮದೊಂದು ಫೋಟೋ ಕೂಡ ನಮ್ಮಲ್ಲಿಲ್ಲ. ಇರುವುದು ಆ ಕ್ಯಾಮೆರಾ ತೆಗೆದ ಚಿತ್ರ ಮಾತ್ರ, ನೋಟೀಸಿನ ಮುಂಬದಿಯಲ್ಲಿ ಅಚ್ಚಾಗಿದೆ ನೋಡಿ. ಟೆಂಪೋದ ಬೆನ್ನು, ಹಗ್ಗ ಬಿಗಿದ ಚೀಲಗಳು, ಕೆಳಗೆ ಹಲಗೆಯ ಮೇಲೆ ಕೆಂಪು ಬಣ್ಣದಲ್ಲಿ ಸಿಂಚನಾ ಎಂಬ ಹೆಸರು, ಎರಡೂ ಪಕ್ಕ ಒಂದೊಂದು ಹೂವು. ಮಗಳ ಹೆಸರನ್ನು ಅಷ್ಟು ಅಕ್ಕರೆಯಿಂದ ಬರೆಸಿದ್ದಿರಿ. ಗಾಡಿ ಕೊಂಡ ಮೇಲೂ ಶೇಖಪ್ಪ ಅದನ್ನು ಅಳಿಸಲಿಲ್ಲ. ಆ ಚಿತ್ರ ನೋಡಿದಾಗಲೆಲ್ಲ ಸಿಟ್ಟು ಅರ್ಧಕ್ಕೆ ಇಳಿದುಬಿಡುತ್ತದೆ.

ಇನ್ನು ಕಾಯಿದೆಯ ವಿಷಯ. ನಿಮ್ಮ ಕಾಲದಲ್ಲಿ ಅದು ಇನ್ನೂ ಮಸೂದೆ, ಪೇಪರಿನ ಒಳಪುಟದಲ್ಲಿ ಸಣ್ಣಗೆ ಬಂದಿರುತ್ತದೆ. ಅದನ್ನು ತಂದವರು ದುಷ್ಟರೇನಲ್ಲ. ರಸ್ತೆ ಬಳಸಿದವನು ಸುಂಕ ಕಟ್ಟಬೇಕು, ಕಟ್ಟದವನ ಭಾರ ಕಟ್ಟಿದವನ ಮೇಲೆ ಬೀಳಬಾರದು ಎಂದರು. ಯಾರು ಬೇಡ ಎಂದಾರು? ಮೊದಲು ತಡಶುಲ್ಕ ಬಂತು, ಅಷ್ಟಿಷ್ಟೇ. ಅದಕ್ಕೂ ಬಗ್ಗದವರಿಗೆ ದಂಡ. ದಂಡಕ್ಕೂ ಬಗ್ಗದವರ ಗಾಡಿಯ ಕಾಗದಪತ್ರ ನವೀಕರಿಸುವುದಿಲ್ಲ ಎಂದರು. ಗಾಡಿ ಗುಜರಿಗೆ ಹೋದ ಮೇಲೆ ಬಾಕಿ ಯಾರದು ಎಂಬ ಪ್ರಶ್ನೆ ಬಂತು, ಮಾಲೀಕನದು ಎಂದರು. ಮಾಲೀಕ ತೀರಿಕೊಂಡ ಮೇಲೆ ಯಾರದು? ಮನೆಯವರದು. ಒಂದೊಂದು ತಿದ್ದುಪಡಿಯನ್ನೂ ಬಿಡಿಯಾಗಿ ಓದಿ ನೋಡಿ, ತಲೆದೂಗುತ್ತೀರಿ. ನಾನೂ ಶಾಲೆಯಲ್ಲಿ ಬಾಯಿಪಾಠ ಮಾಡುವಾಗ ತಲೆದೂಗಿದವಳೇ. ಎಲ್ಲದಕ್ಕೂ ಬುಡದಲ್ಲಿ ಕುಳಿತಿರುವುದು ಮಸೂದೆಯ ಮೊದಲ ಪುಟದ ಒಂದು ಸಾಲು: ಮಾಲೀಕನೆಂದರೆ ದಾಖಲೆಯಲ್ಲಿ ಯಾರ ಹೆಸರಿದೆಯೋ ಅವನೇ. ಗಾಡಿ ಯಾರ ಕೈಯಲ್ಲಿದೆ, ಯಾರು ಓಡಿಸಿದರು ಎಂದು ಕೇಳುವ ಗೋಜಿಗೇ ಕಾಯಿದೆ ಹೋಗಲಿಲ್ಲ.

ಈಗ ನಾವು ಹೇಗಿದ್ದೇವೆ ಎಂದು ಹೇಳುತ್ತೇನೆ. ನಿಮ್ಮ ಹೆದ್ದಾರಿಗೆ ಈಗ ಎರಡೂ ಬದಿ ಗೋಡೆ. ದಾಟುವ ಕಡೆಗಳಲ್ಲಿ ನೆಲದ ಮೇಲೆ ಬೆಳಕಿನ ಗೆರೆ ಇದೆ, ಅದನ್ನು ಹೊಸ್ತಿಲು ಎನ್ನುತ್ತೇವೆ. ಬಾಕಿಯಿಲ್ಲದ ಮನೆಯವರು ತೆರೆದವರು, ಅವರಿಗೆ ಹೊಸ್ತಿಲು ತಾನಾಗಿ ಆರುತ್ತದೆ. ಬಾಕಿಯಿರುವ ನಾವು ಮುಚ್ಚಿದವರು. ನಮ್ಮ ಮನೆಗಳ ಬಾಗಿಲ ಮೇಲೆ ಕೆಂಪು ದೀಪ ಹಗಲೂ ಉರಿಯುತ್ತದೆ. ಮುಚ್ಚಿದವರು ಹೊಸ್ತಿಲಿಗೆ ಕಾಲಿಟ್ಟರೆ ಇಡೀ ಸಾಲಿನ ದಂಡ ಇಮ್ಮಡಿಯಾಗುತ್ತದೆ, ಆದ್ದರಿಂದ ಪೊಲೀಸರೇ ಬೇಕಿಲ್ಲ, ನೆರೆಯವರೇ ಕಾಲು ಹಿಡಿದು ಎಳೆಯುತ್ತಾರೆ. ಪೇಟೆ, ಕಾಲೇಜು, ದೊಡ್ಡಾಸ್ಪತ್ರೆ, ಕೋರ್ಟು ಎಲ್ಲ ಪಡುವಣ ಬದಿಗೆ ಬಿದ್ದಿವೆ. ನಮ್ಮ ಬದಿಗೆ ಹೊಲ, ಸ್ಮಶಾನ, ಒಂದು ಸಣ್ಣ ದವಾಖಾನೆ. ಆಚೆ ಬದಿಯಲ್ಲಿ ಬೀಗರಿದ್ದರೆ ಗೋಡೆಯ ಈಚೆಗೆ ನಿಂತು ಬುತ್ತಿ ಎಸೆಯುತ್ತೇವೆ, ಅವರು ಹಿಡಿಯುತ್ತಾರೆ. ನಮ್ಮ ಚಿಗವ್ವನ ಗಂಡನಿಗೆ ಹಿಡಿಯುವುದು ಇವತ್ತಿಗೂ ಬರುವುದಿಲ್ಲ, ಶೇಂಗಾ ಹಿಂಡಿ ಎಷ್ಟು ಸಲ ಅವನ ನೆತ್ತಿಯ ಮೇಲೆ ಬಿದ್ದಿದೆಯೋ. ದುಡಿದು ತೀರಿಸಬಹುದಲ್ಲ ಎನ್ನುತ್ತೀರಿ. ಮುಚ್ಚಿದವರಿಗೆ ಕೆಲಸ ಸಿಗುವುದು ಈ ಬದಿಯಲ್ಲಿ ಮಾತ್ರ, ಇಲ್ಲಿ ಗಳಿಸುವುದಕ್ಕಿಂತ ದಂಡ ಬೆಳೆಯುವುದೇ ಹೆಚ್ಚು. ನಮ್ಮಪ್ಪ ಸಾಯುವ ಹಿಂದಿನ ದಿನದವರೆಗೂ ಕಟ್ಟಿದ. ಬಾಕಿ ಅವನು ಹುಟ್ಟಿದಾಗ ಇದ್ದುದಕ್ಕಿಂತ ದೊಡ್ಡದಾಗಿತ್ತು.

ನನ್ನ ಎಳವೆಯಲ್ಲಿ ಮತ್ತೊಂದು ತಿದ್ದುಪಡಿ ಬಂತು. ಅಲ್ಲಿಯವರೆಗೆ ಮನೆಯ ಹಿರಿಯನೊಬ್ಬನೇ ಹೊಣೆ. ಅದರ ನಂತರ ಮನೆಯಲ್ಲಿ ಹೆಸರಿರುವ ಎಲ್ಲರೂ ಹೊಣೆ, ಹೆಸರಿಟ್ಟ ದಿನದಿಂದಲೇ ಎಂದಾಯಿತು. ನಮಗೆಲ್ಲ ಆಗಲೇ ಹೆಸರಿಟ್ಟಾಗಿತ್ತು, ಅಂದಿನಿಂದ ಮೂಡಣ ಸಾಲಿನಲ್ಲಿ ಮಕ್ಕಳಿಗೆ ಹೆಸರಿಡುವುದನ್ನು ಬಿಟ್ಟಿದ್ದೇವೆ. ಒಂದೇ ಹೆಸರಿನಿಂದ ಕರೆದು ಕರೆದು ರೂಢಿಯಾದರೂ ಅದು ಹೆಸರೇ ಎಂದು ಕಾಯಿದೆ ಹೇಳುತ್ತದೆ, ಹಾಗಾಗಿ ದಿನಕ್ಕೊಂದು ಬಗೆಯಲ್ಲಿ ಕರೆಯುತ್ತೇವೆ. ಇವತ್ತು ಹಾಲು ಚೆಲ್ಲಿದಾಕಿ, ನಾಳೆ ಬೆಕ್ಕಿಗೆ ಹೆದರಿದಾಕಿ. ಹೊರಗೆ ಆಡುವಾಗ ಒಬ್ಬ ತಾಯಿ "ಏ ಇವನಾ!" ಎಂದು ಕೂಗಿದರೆ ಓಣಿಯ ಹುಡುಗರೆಲ್ಲ ತಿರುಗಿ ನೋಡುತ್ತಾರೆ. ನಗು ಬರುತ್ತದೆ. ಆಮೇಲೆ ಒಳಗೆ ಹೋಗಿ ಅಳುತ್ತೇವೆ.

ಈಗ ನಿಜವಾದ ವಿಷಯಕ್ಕೆ ಬರುತ್ತೇನೆ. ನನ್ನ ತಮ್ಮ ನಿಂಗರಾಜನಿಗೆ ಹೆಣ್ಣುಕೂಸು ಹುಟ್ಟಿದೆ. ಅತ್ತರೆ ತುಟಿ ನೀಲಿಗಟ್ಟುತ್ತವೆ. ಹಾಲು ಕುಡಿಯುವಾಗ ಮಧ್ಯೆ ಮಧ್ಯೆ ಬಿಟ್ಟು ಉಸಿರು ಹುಡುಕುತ್ತದೆ. ದವಾಖಾನೆಯ ನರ್ಸಮ್ಮ ಎದೆಗೆ ಕಿವಿಯಿಟ್ಟು ಕೇಳಿ, ಗುಂಡಿಗೆಯಲ್ಲಿ ತೂತಿದೆ, ದೊಡ್ಡಾಸ್ಪತ್ರೆಯಲ್ಲಿ ಮುಚ್ಚಿಸಿದರೆ ನೂರು ವರ್ಷ ಬದುಕುತ್ತದೆ ಎಂದರು. ಮುಚ್ಚಿಸದಿದ್ದರೆ ಎಂದು ನಾವು ಕೇಳಲಿಲ್ಲ, ಅವರೂ ಹೇಳಲಿಲ್ಲ. ಅಜ್ಜಾ, ಹೆಸರಿಲ್ಲದ ಕೂಸನ್ನು ಆಸ್ಪತ್ರೆಯವರು ಸೇರಿಸಿಕೊಳ್ಳುವುದಿಲ್ಲ, ಇಲ್ಲದವರಿಗೆ ಔಷಧ ಬರೆಯುವುದು ಹೇಗೆ ಎನ್ನುತ್ತಾರೆ. ಹೆಸರಿಟ್ಟರೆ ಅದೇ ಗಳಿಗೆಗೆ ಅದೂ ಬಾಕಿದಾರಳು, ಹೊಸ್ತಿಲು ದಾಟುವಂತಿಲ್ಲ. ಹೆಸರಿಡದಿದ್ದರೂ ಸಾವು, ಇಟ್ಟರೂ ಸಾವು. ನಿಂಗರಾಜ ಊಟ ಬಿಟ್ಟಿದ್ದಾನೆ, ಗೋಡೆಗೆ ತಲೆ ಚಚ್ಚಿಕೊಳ್ಳಲು ಹೋದವನನ್ನು ಹಿಡಿದು ಕೂರಿಸಿದ್ದೇನೆ. ನನಗೂ ದಿಕ್ಕು ತೋಚುತ್ತಿಲ್ಲ.

ನಾನು ಸುಮ್ಮನೆ ಕುಳಿತಿಲ್ಲ. ಮಂಡಳಿಯ ಅಧಿಕಾರಿ ದ್ಯಾಮನಗೌಡರು ವಾರಕ್ಕೊಮ್ಮೆ ಗೋಡೆಯ ಕಿಂಡಿಗೆ ಬರುತ್ತಾರೆ. ಅವರ ಮುಂದೆ ಸೆರಗೊಡ್ಡಿದೆ. ಅಪೀಲು ಹಾಕುತ್ತೇನೆ ಎಂದೆ. ಅಪೀಲು ಕೇಳುವ ಕಚೇರಿ ಪಡುವಣ ಬದಿಗಿದೆ, ಖುದ್ದಾಗಿ ಬರಬೇಕು ಎಂದರು. ಹೊಸ್ತಿಲು ದಾಟಲಾರದ್ದಕ್ಕೇ ಅಲ್ಲವೇ ಅಪೀಲು ಎಂದು ಕೇಳಿದರೆ ತಲೆ ತಗ್ಗಿಸಿದರು. ಒಳ್ಳೆಯ ಮನುಷ್ಯ, ಅವರ ಕಣ್ಣಲ್ಲೂ ನೀರಿತ್ತು. ಆಮೇಲೆ ಕಾಯಿದೆ ಪುಸ್ತಕ ತಿರುವಿ ಹೇಳಿದರು, "ಅಕ್ಕಾರ, ಒಂದ ಒಂದು ದಾರಿ ಐತ್ರಿ. ಗಾಡಿ ನಂದಲ್ಲ, ಮಾರೀನಿ ಅಂತ ಮಾಲೀಕರ ಬಂದು ಸಹಿ ಮಾಡಿದ್ರ ಎಲ್ಲಾ ಬಾಕಿ ಅಳಿಸಿ ಹೋಗ್ತೈತಿ. ಮಾಲೀಕರು ತೀರಿಕೊಂಡಿದ್ರ ಏನು ಮಾಡಬೇಕಂತ ಇದರಾಗ ಬರದಿಲ್ಲ ನೋಡ್ರಿ." ನಾನು ಅವರ ಮುಖ ನೋಡಿದೆ. ಅವರು ನಿಮ್ಮ ಹಿನ್ನೋಟೀಸನ್ನು ಕಿಂಡಿಯಿಂದ ತಳ್ಳಿ, "ಸಹಿ ಮಾಡಿ ನಾಳೆ ಮುಂಜಾನೆ ಕಿಂಡ್ಯಾಗ ಹಾಕ್ರಿ. ಹಿಂದಿನ ಮಗ್ಗಲು ನಾವು ನೋಡೂದಿಲ್ರಿ," ಎಂದು ಬೇರೆ ಕಡೆ ಮುಖ ತಿರುಗಿಸಿದರು.

ಮಾಲೀಕರೆಂದರೆ ನೀವು. ನೂರೈವತ್ತಕ್ಕೂ ಹೆಚ್ಚು ವರ್ಷಗಳ ಆಚೆ, ಚಹಾ ಕುಡಿಯುತ್ತಾ, ಆರೋಗ್ಯವಾಗಿ ಇದ್ದೀರಿ.

ಮನೆಗೆ ಬಂದು ಕೂಸಿನ ತಾಯಿ ಹೊಳೆವ್ವನಿಗೆ ಹೇಳಿದೆ. ಅವಳು ಮುಚ್ಚಿದ ಮನೆಯ ಮಗಳು. ಈಚಿನ ಕಟ್ಟಳೆಯಂತೆ ಮುಚ್ಚಿದವರನ್ನು ಮುಚ್ಚಿದವರೇ ಮದುವೆಯಾಗಬೇಕು ಎಂಬ ಕಾರಣಕ್ಕೇ ನಮ್ಮ ಮನೆಗೆ ಬಂದವಳು. ಕೂಸಿನ ಹೊದಿಕೆ ಸರಿಮಾಡಿದಳು. ಆಮೇಲೆ ಕೇಳಿದಳು, "ಬಾಕಿನ ಇರದಿದ್ರ ನಿಮ್ಮ ತಮ್ಮ ನನ್ನ ಯಾಕ ಮಾಡ್ಕೋತಿದ್ದ, ಅಕ್ಕಾ? ಆಗ ಈ ಕೂಸು ಇರ್ತೈತೇನು?" ನಾನು ಅದನ್ನು ಯೋಚಿಸಿಯೇ ಇರಲಿಲ್ಲ. ಬೇಡ ಬಿಡು, ಬರೆಯುವುದಿಲ್ಲ ಎಂದು ಕಾಗದ ಮಡಚಿದೆ. ಅವಳೇ ನನ್ನ ಕೈ ಹಿಡಿದಳು. "ಬರೀರಿ. ಇಲ್ಲಿ ಇಟಗೊಂಡು ಸಾಯೂದು ನೋಡೂದಕ್ಕಿಂತ, ಯಾರ ಹೊಟ್ಯಾಗರ ಹುಟ್ಟಿ ಎಲ್ಯರ ಉಸಿರಾಡ್ಲಿ. ನಾ ಇರಾಕ ಬೇಕಂತಿಲ್ಲ." ಇಷ್ಟು ಹೇಳಿ ಕೂಸನ್ನೆತ್ತಿಕೊಂಡು ಹಿತ್ತಲಿಗೆ ಹೋದಳು. ಅಜ್ಜಾ, ನಿಮ್ಮ ಮನೆತನಕ್ಕೆ ಇಂಥ ಸೊಸೆ ಬಂದಿದ್ದಾಳೆ. ಇದನ್ನು ನೀವು ತಿಳಿದಿರಬೇಕು ಎಂದು ಬರೆದೆ.

ಈ ಒಂದು ಸುಂಕವನ್ನು ಕಟ್ಟಿಬಿಟ್ಟರೆ ಆಯಿತಲ್ಲ ಎಂದು ಕೈತೊಳೆದುಕೊಳ್ಳಬೇಡಿ. ಶೇಖಪ್ಪ ದಿನಾ ಅದೇ ರಸ್ತೆಯಲ್ಲಿ ಹೋಗುತ್ತಾನೆ, ಹೆಸರು ನಿಮ್ಮದಿರುವ ತನಕ ಬಾಕಿಯೂ ನಿಮ್ಮದೇ. ನಾಳೆ ಎನ್ನಬೇಡಿ, ಶೇಖಪ್ಪ ಬೇಸರ ಮಾಡಿಕೊಂಡಾನು ಎನ್ನಬೇಡಿ. ಅವನ ಹೆಗಲ ಮೇಲೆ ಕೈ ಹಾಕಿ, "ಬಾರೋ, ಒಂದು ಸಹಿ ಐತಿ," ಎಂದು ಕರೆಯಿರಿ, ಖುಷಿಯಿಂದಲೇ ಬರುತ್ತಾನೆ, ಕೇಳಿದವನೇ ಅವನಲ್ಲವೇ. ಸಾಲು ಉದ್ದವಿದ್ದರೂ ನಿಲ್ಲಿ. ಸಾಹೇಬರು ಊಟಕ್ಕೆ ಹೋಗಿದ್ದಾರೆ ಎಂದರೂ ಕಾಯಿರಿ. ಬೇಕಾದರೆ ಆಮೇಲೆ ಇಬ್ಬರೂ ಮತ್ತೊಮ್ಮೆ ಮಿರ್ಚಿ ತಿನ್ನಿ. ಕೈಲಾದರೆ ಮಸೂದೆಯ ಆ ಸಾಲಿನ ಬಗ್ಗೆಯೂ ಒಂದು ಆಕ್ಷೇಪಣೆ ಬರೆದು ಕಳಿಸಿ, ಈ ಓಣಿಯಲ್ಲಿ ಹೆಸರಿಲ್ಲದ ಕೂಸುಗಳು ಇನ್ನೂ ಇವೆ. ಆದರೆ ಮೊದಲು ಸಹಿ.

ನಾಳೆ ಈ ಕಾಗದವನ್ನು ಕಿಂಡಿಯಲ್ಲಿ ಹಾಕಿ ಬಂದು, ಮಧ್ಯಾಹ್ನ ತೊಟ್ಟಿಲು ಕಟ್ಟುತ್ತೇವೆ. ಸಾಲಿನವರು ನಮಗೆ ಹುಚ್ಚು ಹಿಡಿದಿದೆ ಎನ್ನುತ್ತಿದ್ದಾರೆ, ಅನ್ನಲಿ. ಹೆಸರಿಡುವ ಶಾಸ್ತ್ರ ನಿಮ್ಮ ಕಾಲದಲ್ಲಿದ್ದಂತೆಯೇ ಇದೆ ಎಂದು ಕೇಳಿದ್ದೇನೆ: ಸೋದರತ್ತೆ ಬಗ್ಗಿ ಕೂಸಿನ ಕಿವಿಯಲ್ಲಿ ಕುರ್ರ್ ಎಂದು ಹೆಸರು ಹೇಳುತ್ತಾಳೆ, ಹೇಳಿದೊಡನೆ ಸುತ್ತ ನಿಂತ ಹೆಂಗಸರೆಲ್ಲ ಅವಳ ಬೆನ್ನಿಗೆ ಗುದ್ದುತ್ತಾರೆ. ಸೋದರತ್ತೆ ನಾನು. ಇಷ್ಟು ವಯಸ್ಸಾದರೂ ಈ ಬೆನ್ನಿಗೆ ಇನ್ನೂ ಒಂದು ಗುದ್ದೂ ಬಿದ್ದಿಲ್ಲ. ಇಡಬೇಕಾದ ಹೆಸರು ಟೆಂಪೋದ ಹಲಗೆಯ ಮೇಲೆ ನೀವೇ ಬರೆಸಿದ್ದೀರಿ.

ನಾನು ತೊಟ್ಟಿಲಿಗೆ ಬಗ್ಗಿ, ಕಿವಿಗೆ ಬಾಯಿಯಿಟ್ಟು, ಬಾಗಿಲ ಮೇಲಿನ ಕೆಂಪು ದೀಪವನ್ನೇ ನೋಡುತ್ತಿರುತ್ತೇನೆ. ಅದು ಆರುತ್ತದೋ, ಅಥವಾ ಎಂದೂ ಇರಲೇ ಇಲ್ಲ ಎಂಬಂತೆ ಆಗುತ್ತದೋ, ಹೇಗೆ ನಡೆಯುತ್ತದೆ ಎಂದು ನನಗೆ ತಿಳಿಯದು. ಹೆಂಗಸರು ಕೈ ಎತ್ತಿ ನಿಂತಿರುತ್ತಾರೆ. ನಾನು ಹೆಸರು ಹೇಳದೆ ಕಾಯುತ್ತೇನೆ, ಸೊಂಟ ಮುರಿದರೂ ಎದ್ದು ನಿಲ್ಲುವುದಿಲ್ಲ. ಇಷ್ಟು ಹೊತ್ತು ನೀವು ಎಂದು ಬರೆದೆ, ಇನ್ನು ಆಗುವುದಿಲ್ಲ. ಚಹಾ ಹಾಗೇ ಇಟ್ಟು ಏಳು ಅಜ್ಜಾ. ಚಪ್ಪಲಿ ಮೆಟ್ಟಿಕೋ. ಶೇಖಪ್ಪನನ್ನು ಕೂಗು.

ನಿನ್ನ ಕೂಸಿನ ಸೋದರತ್ತೆ,
ಹೊನ್ನವ್ವ